ನಂಜು, ವಾಯು ಮತ್ತು ಪಥ್ಯ

ಸಕಲೇಶಪುರ, ಆಲೂರುಗಳ ಕಡೆ ಯಾರಿಗಾದರೂ ಮಂಡಿನೋವು ಹತ್ತಿತೆಂದರೆ ಔಷಧಕ್ಕಿಂತ ಮೊದಲು ಮನೆಯೊಳಕ್ಕೆ ಬರುವುದು ಪಥ್ಯ. ಬದನೆಕಾಯಿ ನಂಜು, ಆಲೂಗೆಡ್ಡೆ ವಾಯು, ಹಲಸಿನ ಹಣ್ಣಂತೂ ಕೂಡದು. ನೆರೆಮನೆಯ ಅಜ್ಜಿ ಒಂದನ್ನು ಬಿಡಿಸಿದರೆ ಸಂತೆಯಲ್ಲಿ ಸಿಕ್ಕ ನೆಂಟರು ಮತ್ತೊಂದನ್ನು ಬಿಡಿಸುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ರೋಗಿಯ ಎಲೆಯ ಮೇಲೆ ಉಳಿಯುವುದು ಅನ್ನ ಮತ್ತು ತಿಳಿಸಾರು. ನೋವು ಮಾತ್ರ ಇದ್ದಲ್ಲಿಯೇ ಇರುತ್ತದೆ. ತೋಟದ ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಈ ವ್ರತ ಇನ್ನೂ ಅಪಾಯದ್ದು. ಕಾಳು, ಮೊಟ್ಟೆ, ಮೀನುಗಳನ್ನು ತೊರೆದು ದಿನವೂ ಗುಡ್ಡ ಹತ್ತಿಳಿಯುವ ಮೈಯಲ್ಲಿ ರಕ್ತವೂ ಕಸುವೂ ಕುಂದುತ್ತವೆ.

ಹಾಗೆಂದು ಹಿರಿಯರ ತಿಳಿವಳಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಒಲೆಗೇರಿಸುವುದು ಮಲೆನಾಡಿನ ಪದ್ಧತಿ. ಹಸಿ ಕಳಲೆಯಲ್ಲಿ ಸಯನೈಡು ಹುಟ್ಟಿಸುವ ಪದಾರ್ಥವಿದೆಯೆಂಬುದು ಆ ಗೃಹಿಣಿಯರಿಗೆ ತಿಳಿದಿರಲಿಲ್ಲ. ಅದನ್ನು ತೊಳೆದು ಕಳೆಯುವ ಬಗೆ ತಿಳಿದಿತ್ತು. ಕೆಸುವಿನ ತುರಿಕೆಗೆ ಕಾರಣ ಅದರೊಳಗಿನ ಸೂಜಿಯಂಥ ಆಕ್ಸಲೇಟು ಹರಳುಗಳು. ಅದಕ್ಕೆಂದೇ ಹುಣಿಸೆಯ ಹುಳಿ.

ಆದರೆ ಇವು ಎಲ್ಲರನ್ನೂ ಕಾಡುವ ದೋಷಗಳು. ಒಬ್ಬರಿಗೆ ಒಗ್ಗಿ ಮತ್ತೊಬ್ಬರಿಗೆ ಒಗ್ಗದ ಆಹಾರದ ಪ್ರಶ್ನೆ ಬೇರೆ. ಹಾಲು ಕುಡಿದೊಡನೆ ಹೊಟ್ಟೆಯುಬ್ಬರಿಸುವವರು ಮೊಸರನ್ನು ಸುಖವಾಗಿ ಉಣ್ಣುವುದುಂಟು. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಅವರ ಕರುಳಿನಲ್ಲಿ ಕಡಮೆ, ಮೊಸರಾಗುವಾಗ ಆ ಸಕ್ಕರೆಯಲ್ಲಿ ಒಂದು ಭಾಗ ಕರಗಿರುತ್ತದೆ. ಇಂಥದನ್ನು ಕಂಡುಕೊಳ್ಳಲು ಉಪಾಯವೊಂದೇ: ಸಂಶಯ ಬಂದ ಒಂದೇ ಪದಾರ್ಥವನ್ನು ಎರಡು ಮೂರು ವಾರ ಬಿಡುವುದು, ಮತ್ತೆ ತಿಂದು ನೋಡುವುದು, ಎರಡನ್ನೂ ಬರೆದಿಡುವುದು. ತೊಂದರೆ ಮರುಕಳಿಸದಿದ್ದರೆ ಆ ಪದಾರ್ಥ ನಿರಪರಾಧಿ. ಏಡಿಯನ್ನೋ ಕಡಲೆಕಾಯಿಯನ್ನೋ ತಿಂದು ತುಟಿ ಬಾತು ಉಸಿರು ಕಟ್ಟಿದವರು ಮಾತ್ರ ಈ ಪರೀಕ್ಷೆಗೆ ಕೈಹಾಕಬಾರದು. ಅವರ ದಾರಿ ಆಸ್ಪತ್ರೆಗೆ.

ನೋವಿನ ಹೊಣೆಯನ್ನು ಅವಸರದಿಂದ ಊಟದ ಮೇಲೆ ಹೊರಿಸಿದ್ದಕ್ಕೆ ಮಲೆನಾಡಿನಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. 1974-75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ಬಡವರು ನಡೆಯಲಾರದಂತಾದ ಕಾಯಿಲೆ ಬೆಳಕಿಗೆ ಬಂದಿತು. ಕೀಟನಾಶಕ ಬೆರೆತ ಗದ್ದೆಯ ಏಡಿಯನ್ನು ತಿಂದದ್ದೇ ಕಾರಣವೆಂಬ ಶಂಕೆ ಆಗ ಬಲವಾಗಿತ್ತು. ಮುಂದಿನ ಸಂಶೋಧನೆ ಅದು ವಂಶಪಾರಂಪರ್ಯವಾಗಿ ಇಳಿಯುವ ಮೂಳೆಯ ರೋಗವೆಂದು ತೋರಿಸಿತು. ಏಡಿಸಾರು ಬಿಟ್ಟು ವಾಸಿಯಾಗುವ ನೋವು ಅದಾಗಿರಲಿಲ್ಲ.

ಊಟಕ್ಕೆ ನೇರವಾಗಿ ಮಣಿಯುವ ನೋವೂ ಇಲ್ಲದಿಲ್ಲ. ಕಾಲಿನ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಡವಾಗುವ ವಾತರಕ್ತಕ್ಕೆ ಯೂರಿಕ್ ಆಮ್ಲದ ಹರಳು ಮೂಲ. ಅಲ್ಲಿ ಮದ್ಯ, ಈಲಿ, ಕೆಂಪು ಮಾಂಸಗಳನ್ನು ಇಳಿಸಿದರೆ ಔಷಧಕ್ಕೆ ಸಹಾಯ. ಮಂಡಿ ಸವೆದವರಿಗೆ ಯಾವ ತರಕಾರಿಯನ್ನು ಬಿಟ್ಟರೂ ಪ್ರಯೋಜನವಿಲ್ಲ, ಮೈಭಾರ ಬಿಟ್ಟರೆ ಇದೆ: ಒಂದು ಕಿಲೋ ತೂಕ ಕರಗಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಈ ಮೈಭಾರದ ಜೊತೆಗಾರನೇ ರಕ್ತದ ಟ್ರೈಗ್ಲಿಸರೈಡು ಎಂಬ ಕೊಬ್ಬು. ಒಂದು ಡೆಸಿಲೀಟರಿಗೆ 150 ಮಿಲಿಗ್ರಾಮಿನ ಒಳಗಿದ್ದರೆ ಕ್ಷೇಮ. 200 ದಾಟಿದರೆ ಹೆಚ್ಚು. 500 ಮೀರಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯ, ಅದಕ್ಕೆ ವೈದ್ಯರೇ ಬೇಕು. ಕೊಬ್ಬು ಎಂಬ ಹೆಸರು ಕೇಳಿ ಜನ ತುಪ್ಪವನ್ನೂ ತೆಂಗಿನಕಾಯಿಯನ್ನೂ ಬಿಟ್ಟು, ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡುಬನ್ನು ಮೊದಲಿನಂತೆಯೇ ಮುಂದುವರಿಸುತ್ತಾರೆ. ಮೂರು ತಿಂಗಳಾದ ಮೇಲೆ ಹಾಸನದಲ್ಲಿ ರಕ್ತ ಪರೀಕ್ಷಿಸಿದರೆ ಅಂಕಿ ಅಲ್ಲಾಡಿರುವುದಿಲ್ಲ. ಮೈಗೆ ಬೇಕಾದುದಕ್ಕಿಂತ ಮಿಗಿಲಾದ ಪಿಷ್ಟವನ್ನೂ ಸಕ್ಕರೆಯನ್ನೂ ಯಕೃತ್ತು ತಾನೇ ಕೊಬ್ಬಾಗಿ ಮಾರ್ಪಡಿಸಿ ರಕ್ತಕ್ಕೆ ಬಿಡುತ್ತದೆ. ಮದ್ಯವಂತೂ ಈ ಕಾರ್ಖಾನೆಗೆ ಸೌದೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ದುಡಿದ ಅಜ್ಜನಿಗೆ ತಕ್ಕುದಾದ ಆರು ಕಡುಬು ಬೈಕಿನಲ್ಲಿ ತೋಟ ಸುತ್ತುವ ಮೊಮ್ಮಗನಿಗೆ ತಕ್ಕುದಲ್ಲ. ಆಲೂರಿನ ಕಡೆಯವರು ರಾಗಿಮುದ್ದೆಯೆಂದು ನಿಶ್ಚಿಂತರಾಗುವುದೂ ಬೇಡ. ಮುದ್ದೆ ದೊಡ್ಡದಾದರೆ ಅದೂ ಪಿಷ್ಟವೇ.

ಇನ್ನು ಕಾಫಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ: ಹತ್ತು ಚಮಚವೆಂದರೆ 40 ಗ್ರಾಮಿಗೆ ಕಡಮೆಯಿಲ್ಲ. ದಿನವೊಂದಕ್ಕೆ 25 ಗ್ರಾಮಿನೊಳಗೆ ನಿಲ್ಲುವುದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಬೆಲ್ಲದ ಕಾಫಿಗೂ ಇದೇ ಲೆಕ್ಕ. ಪುಡಿಯನ್ನು ನೀರಿನಲ್ಲಿ ಕುದಿಸಿದ ಕಾಫಿಯಲ್ಲಿ ರಕ್ತದ ಕೊಬ್ಬನ್ನು ಏರಿಸುವ ಕೆಫೆಸ್ಟಾಲ್ ಎಂಬ ಜಿಡ್ಡು ಉಳಿಯುತ್ತದೆ. ಕಾಗದದಲ್ಲಿ ಸೋಸಿದರೆ ಅದು ಬಹುಮಟ್ಟಿಗೆ ಹಿಂದೆ ನಿಲ್ಲುತ್ತದೆ. ಕಾಫಿಯ ನಾಡಿನಲ್ಲಿ ಕಾಫಿ ಬಿಡಿ ಎಂದರೆ ಕೇಳುವವರಾರು? ಸಕ್ಕರೆಯನ್ನು ಅರ್ಧಕ್ಕಿಳಿಸಿ ಎಂದರೆ ಕೆಲವರಾದರೂ ಕೇಳಿಯಾರು. ಮೈತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದವರ ಟ್ರೈಗ್ಲಿಸರೈಡು ನೂರಕ್ಕೆ ಇಪ್ಪತ್ತರಷ್ಟು ಇಳಿಯಬಲ್ಲುದು.

ಬಿಟ್ಟ ಅನ್ನದ ಜಾಗಕ್ಕೆ ಬರಬೇಕಾದುವೆಲ್ಲ ಹತ್ತಿರದಲ್ಲಿಯೇ ಇವೆ: ಹುರುಳಿ, ಅವರೆ, ಸೊಪ್ಪು, ಅಣಬೆ, ಅದೇ ಕಳಲೆ. ಮೀನು ತಿನ್ನುವವರಿಗೆ ಮಂಗಳೂರಿನಿಂದ ಶಿರಾಡಿ ಘಟ್ಟ ಹತ್ತಿ ಬರುವ ಬೂತಾಯಿ, ಬಂಗುಡೆಗಳಿವೆ. ಅವುಗಳ ಎಣ್ಣೆ ಈ ಕೊಬ್ಬನ್ನು ತಗ್ಗಿಸುವ ಜಾತಿಯದು. ಬಾಣಲೆಯಲ್ಲಿ ಕರಿಯದೆ, ಸಾರಿಗೆ ಹಾಕಬೇಕು.