ಒಂದು ಒದೆತಕ್ಕೆ ಎಷ್ಟು ವರ್ಷದ ಸಿದ್ಧತೆ?

2000ನೇ ಇಸವಿಯ ಆಗಸ್ಟ್ 5. ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ ನಗರದಲ್ಲಿ ಆತಿಥೇಯರಿಗೂ ಆಸ್ಟ್ರೇಲಿಯಾಕ್ಕೂ ರಗ್ಬಿ ಪಂದ್ಯ. ಎಂಬತ್ತು ನಿಮಿಷಗಳ ಆಟ ಮುಗಿದು, ಹೆಚ್ಚುವರಿಯಾಗಿ ಕೊಟ್ಟ ಸಮಯವೂ ಕೊನೆಗೊಳ್ಳುತ್ತ ಬಂದಿತ್ತು. ಅಂಕಫಲಕದಲ್ಲಿ ನ್ಯೂಜಿಲೆಂಡ್ 23, ಆಸ್ಟ್ರೇಲಿಯಾ 21. ಅಷ್ಟರಲ್ಲಿ ರೆಫರಿಯ ಸೀಟಿ ಕೇಳಿಸಿತು. ಆಸ್ಟ್ರೇಲಿಯಾಕ್ಕೆ ಒಂದು ಪೆನಾಲ್ಟಿ! ಚೆಂಡು ಕಂಬಗಳ ನಡುವೆ ಹಾದುಹೋದರೆ ಮೂರು ಅಂಕ, ಗೆಲುವು. ತಪ್ಪಿದರೆ ಸೋಲು. ಜತೆಗೆ ಎರಡು ದೇಶಗಳ ನಡುವಿನ ಪ್ರತಿಷ್ಠೆಯ ಬ್ಲೆಡಿಸ್ಲೋ ಕಪ್ಪೂ ಕೈತಪ್ಪುತ್ತದೆ.

ಒದೆಯುವವರು ಯಾರು? ಆ ಕೆಲಸಕ್ಕೆಂದೇ ತಂಡದಲ್ಲಿದ್ದ ಸ್ಟರ್ಲಿಂಗ್ ಮಾರ್ಟ್‌ಲಾಕ್ ಆ ಹೊತ್ತಿಗೆ ಮೈದಾನ ಬಿಟ್ಟು ಹೊರಗೆ ಹೋಗಿದ್ದರು. ಮುಂದೆ ಬಂದು ಚೆಂಡನ್ನು ನೆಲದ ಮೇಲೆ ನಿಲ್ಲಿಸಿದವರು ತಂಡದ ನಾಯಕ ಜಾನ್ ಈಲ್ಸ್. ಎರಡು ಮೀಟರ್ ಎತ್ತರದ, ಮೂವತ್ತು ವರ್ಷದ ಆಳು. ಕೆಲವು ಹೆಜ್ಜೆ ಹಿಂದೆ ಸರಿದರು, ಕಂಬಗಳ ಕಡೆ ನೋಡಿದರು, ಓಡಿ ಬಂದು ಒದ್ದರು. ಚೆಂಡು ಎರಡು ಕಂಬಗಳ ನಡುವೆ ತೂರಿಹೋಯಿತು. ಆಸ್ಟ್ರೇಲಿಯಾ 24, ನ್ಯೂಜಿಲೆಂಡ್ 23!

ನಾಯಕನೊಬ್ಬ ಕೊನೆಯ ಗಳಿಗೆಯಲ್ಲಿ ಪಂದ್ಯ ಗೆಲ್ಲಿಸಿಕೊಟ್ಟರೆ ಅದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷವಿದೆ. ಅದು ತಿಳಿಯಬೇಕಾದರೆ ರಗ್ಬಿ ಆಟದ ಬಗ್ಗೆ ಎರಡು ಮಾತು ಅಗತ್ಯ.

ರಗ್ಬಿ ಯೂನಿಯನ್ ಆಟದಲ್ಲಿ ತಂಡಕ್ಕೆ ಹದಿನೈದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಕೈಯಿಂದ ಎಸೆಯುವುದಾದರೆ ಮಾತ್ರ ಮುಂದಕ್ಕೆ ಎಸೆಯುವಂತಿಲ್ಲ. ಹದಿನೈದರಲ್ಲಿ ಎಂಟು ಮಂದಿ ‘ಫಾರ್ವರ್ಡ್’ಗಳು, ಉಳಿದ ಏಳು ಮಂದಿ ‘ಬ್ಯಾಕ್’ಗಳು. ಸ್ಥೂಲವಾಗಿ ಹೇಳುವುದಾದರೆ ಫಾರ್ವರ್ಡ್‌ಗಳು ಗುದ್ದಾಡಿ ಚೆಂಡನ್ನು ಗಳಿಸಿಕೊಡುತ್ತಾರೆ. ಬ್ಯಾಕ್‌ಗಳು ಅದನ್ನು ಹಿಡಿದು ಓಡುತ್ತಾರೆ. ಕಂಬಗಳಿಗೆ ಗುರಿಯಿಟ್ಟು ಒದೆಯುವ ನಾಜೂಕಿನ ಕೆಲಸ ಸಾಮಾನ್ಯವಾಗಿ ಬ್ಯಾಕ್‌ಗಳದ್ದೇ.

ಈಲ್ಸ್ ಅವರು ಫಾರ್ವರ್ಡ್, ಅದರಲ್ಲೂ ‘ಲಾಕ್’. ಎರಡೂ ತಂಡದ ಎಂಟೆಂಟು ಮಂದಿ ಪರಸ್ಪರ ತಬ್ಬಿ, ತಲೆ ಬಾಗಿಸಿ, ಎದುರಾಳಿಗಳನ್ನು ಹಿಂದಕ್ಕೆ ತಳ್ಳುವುದಕ್ಕೆ ‘ಸ್ಕ್ರಮ್’ ಎನ್ನುತ್ತಾರೆ. ಅದರಲ್ಲಿ ಎರಡನೇ ಸಾಲಿನಲ್ಲಿ ನಿಂತು, ಮುಂದಿನವರ ಸೊಂಟದ ನಡುವೆ ತಲೆ ತೂರಿಸಿ, ಮೈಯ ಬಲವನ್ನೆಲ್ಲ ಹಾಕಿ ನೂಕುವವನು ಲಾಕ್. ಚೆಂಡು ಗೆರೆಯಾಚೆ ಹೋದರೆ ಎರಡೂ ತಂಡಗಳು ಸಾಲಾಗಿ ನಿಲ್ಲುತ್ತವೆ. ಗೆರೆಯಿಂದ ಎಸೆದ ಚೆಂಡನ್ನು ಎತ್ತರಕ್ಕೆ ಜಿಗಿದು ಹಿಡಿಯುವುದೂ ಹೆಚ್ಚಾಗಿ ಅವನದೇ ಕೆಲಸ. ತಂಡದ ಕೂಲಿಯಾಳು ಎಂದರೂ ತಪ್ಪಿಲ್ಲ. ಅಂಥವನಿಂದ ಗುರಿಯಿಟ್ಟು ಒದೆಯುವುದನ್ನು ಯಾರೂ ನಿರೀಕ್ಷಿಸುವುದಿಲ್ಲ. ಕಲಿಯದಿದ್ದರೆ ಯಾರೂ ಆಕ್ಷೇಪಿಸುವುದೂ ಇಲ್ಲ.

ಈಲ್ಸ್ ಕಲಿತಿದ್ದರು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಹಲವು ಬಾರಿ ತಂಡಕ್ಕಾಗಿ ಒದ್ದಿದ್ದರು ಕೂಡ. ಟೆಸ್ಟ್ ಜೀವನದಲ್ಲಿ ಅವರು ಗಳಿಸಿದ ಒಟ್ಟು ಅಂಕ 173. ಫಾರ್ವರ್ಡ್ ಆಟಗಾರನೊಬ್ಬನಿಗೆ ಅದು ವಿಶ್ವದಾಖಲೆಯಾಯಿತು. ಆ ಅಂಕಗಳಲ್ಲಿ ಬಹುಪಾಲು ಬಂದದ್ದು ಕಾಲಿನ ಒದೆತದಿಂದಲೇ. ವೆಲ್ಲಿಂಗ್ಟನ್‌ನ ಆ ರಾತ್ರಿ ಜನ ಪವಾಡವೆಂದುಕೊಂಡದ್ದು ಪವಾಡವಾಗಿರಲಿಲ್ಲ. ತನ್ನದಲ್ಲದ ಕೆಲಸವನ್ನೂ ಕಲಿತಿಟ್ಟುಕೊಂಡಿದ್ದ ಒಬ್ಬ ಮನುಷ್ಯನಿಗೆ ಆ ಕೆಲಸ ಮಾಡುವ ಸರದಿ ಬಂದಿತ್ತು, ಅಷ್ಟೆ.

ಜಾನ್ ಈಲ್ಸ್ ಹುಟ್ಟಿದ್ದು 1970ರ ಜೂನ್ 27ರಂದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬ್ರಿಸ್ಬೇನ್‌ನಲ್ಲಿ. ಓದಿದ್ದು ಅದೇ ನಗರದ ಮ್ಯಾರಿಸ್ಟ್ ಕಾಲೇಜ್ ಆಶ್‌ಗ್ರೋವ್ ಶಾಲೆಯಲ್ಲಿ. ನಮ್ಮ ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತರಾದ ಮ್ಯಾಥ್ಯೂ ಹೇಡನ್ ಓದಿದ್ದೂ ಅಲ್ಲಿಯೇ. ಮುಂದೆ ಈಲ್ಸ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ ಪದವಿ ಪಡೆದರು.

ಈ ಪದವಿಯ ವಿಷಯವನ್ನು ತಂದೆ ತಾಯಂದಿರು ಸ್ವಲ್ಪ ಗಮನಿಸಬೇಕು. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಹವ್ಯಾಸಿಗಳ ಆಟವಾಗಿತ್ತು. ದೇಶಕ್ಕಾಗಿ ಆಡಿದರೂ ಸಂಬಳವಿರಲಿಲ್ಲ. ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಬೇಕೇಬೇಕಿತ್ತು. ಹೀಗಾಗಿ ಆ ಪೀಳಿಗೆಯ ಆಟಗಾರರು ಪುಸ್ತಕವನ್ನಾಗಲಿ ಕೆಲಸವನ್ನಾಗಲಿ ಕೆಳಗಿಟ್ಟು ಚೆಂಡು ಹಿಡಿಯುವಂತಿರಲಿಲ್ಲ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಇದು. ‘ಆಟವೋ ಪಾಠವೋ, ಯಾವುದಾದರೂ ಒಂದನ್ನು ಆರಿಸಿಕೋ’ ಎಂದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತಿಗೆ ಅವರ ಬದುಕಿನಲ್ಲಿ ಅರ್ಥವೇ ಇರಲಿಲ್ಲ.

1991ರ ಜುಲೈನಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಈಲ್ಸ್ ತಮ್ಮ ಊರಾದ ಬ್ರಿಸ್ಬೇನ್‌ನಲ್ಲೇ ವೇಲ್ಸ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಆಸ್ಟ್ರೇಲಿಯಾ 63-6ರಿಂದ ಗೆದ್ದಿತು. ನಾಲ್ಕು ತಿಂಗಳು ತುಂಬುವ ಮೊದಲೇ, ನವೆಂಬರ್ 2ರಂದು, ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಲ್ಲಿ ಅವರು ವಿಶ್ವಕಪ್ ಫೈನಲ್ ಆಡುತ್ತಿದ್ದರು. ಎದುರಾಳಿ ಇಂಗ್ಲೆಂಡ್. ಆಸ್ಟ್ರೇಲಿಯಾ ಸ್ವಲ್ಪ ಮುಂದಿದ್ದಾಗ ಇಂಗ್ಲೆಂಡಿನ ರಾಬ್ ಆಂಡ್ರ್ಯೂ ಚೆಂಡು ಹಿಡಿದು ಮುನ್ನುಗ್ಗಿದರು. ಲಾಕ್ ಆಟಗಾರನೊಬ್ಬ ಓಡಿ ಬಂದು ಅವರನ್ನು ಹಿಡಿಯಬಹುದೆಂದು ಯಾರೂ ಎಣಿಸಿರಲಾರರು. ಈಲ್ಸ್ ಓಡಿ ಬಂದು ಕೆಡವಿದರು. ಪಂದ್ಯ 12-6ರಿಂದ ಆಸ್ಟ್ರೇಲಿಯಾದ ಪಾಲಾಯಿತು.

ಆಗಿನಿಂದಲೇ ಇರಬೇಕು, ಹೊಗಳಿಕೆ ಏರುತ್ತ ಹೋಯಿತು. ಜತೆಯ ಆಟಗಾರರು ಅವರಿಗೆ ಒಂದು ತಮಾಷೆಯ ಅಡ್ಡಹೆಸರಿಟ್ಟರು: ‘ನೋಬಡಿ’. ಇಂಗ್ಲಿಷಿನಲ್ಲಿ ‘ನೋಬಡಿ ಈಸ್ ಪರ್ಫೆಕ್ಟ್’ ಎಂಬ ಮಾತಿದೆ. ಯಾರೂ ಪರಿಪೂರ್ಣರಲ್ಲ ಎಂದು ಅದರ ಅರ್ಥ. ಈಲ್ಸ್ ಪರಿಪೂರ್ಣ ಆಟಗಾರ, ಪರಿಪೂರ್ಣನಾದವನು ‘ನೋಬಡಿ’, ಆದ್ದರಿಂದ ಈಲ್ಸ್ ಅವರೇ ‘ನೋಬಡಿ’! ತರ್ಕವೇನೋ ಚೆನ್ನಾಗಿದೆ. ಆದರೆ ಅವರ ಆಟದ ಬದುಕನ್ನು ಸಾಲಾಗಿ ಓದುತ್ತ ಹೋದರೆ ಪರಿಪೂರ್ಣತೆಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಬಿದ್ದು ಎದ್ದ ಗುರುತುಗಳು.

1992ರ ಕೊನೆಯಲ್ಲಿ ವೇಲ್ಸ್ ಪ್ರವಾಸದಲ್ಲಿದ್ದಾಗ ಭುಜಕ್ಕೆ ತೀವ್ರ ಪೆಟ್ಟು ಬಿತ್ತು. 1993ರ ಹೆಚ್ಚಿನ ಭಾಗ ಆಟದಿಂದ ದೂರ. ಭುಜವೇ ಬಂಡವಾಳವಾಗಿರುವ ಲಾಕ್‌ಗೆ ಇದು ಸಣ್ಣ ಮಾತಲ್ಲ. ಗುಣವಾಗಿ ಮರಳಿ, 1995ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಶ್ವಕಪ್‌ಗೆ ಹೋದರೆ, ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಇಂಗ್ಲೆಂಡ್ ಎದುರಾಯಿತು. ಸ್ಕೋರು 22-22 ಸಮನಾಗಿದ್ದಾಗ ಕೊನೆಯ ಗಳಿಗೆಯಲ್ಲಿ ದೂರದಿಂದ ಚೆಂಡನ್ನು ಒದ್ದು ಮೂರು ಅಂಕ ಗಳಿಸಿ ಆಸ್ಟ್ರೇಲಿಯಾವನ್ನು ಮನೆಗೆ ಕಳಿಸಿದವರು ಯಾರು? ನಾಲ್ಕು ವರ್ಷದ ಹಿಂದೆ ಈಲ್ಸ್ ಕೆಡವಿದ್ದ ಅದೇ ರಾಬ್ ಆಂಡ್ರ್ಯೂ!

1996ರಲ್ಲಿ ಈಲ್ಸ್ ನಾಯಕರಾದರು. ಆ ವರ್ಷದ ಜುಲೈನಲ್ಲಿ ಅವರ ತಂಡ ನ್ಯೂಜಿಲೆಂಡಿಗೆ 43-6ರಿಂದ ಸೋತಿತು. ಊರು ಯಾವುದೆಂದರೆ ವೆಲ್ಲಿಂಗ್ಟನ್. ಮರುವರ್ಷ ಪ್ರಿಟೋರಿಯಾದಲ್ಲಿ ದಕ್ಷಿಣ ಆಫ್ರಿಕಾ 61-22ರಿಂದ ಬಗ್ಗುಬಡಿಯಿತು. ಕೋಚ್ ಬದಲಾದರು, ರಾಡ್ ಮೆಕ್ವೀನ್ ಬಂದರು. ನಾಯಕ ಬದಲಾಗಲಿಲ್ಲ. 1998ರಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡನ್ನು ಮೂರಕ್ಕೆ ಮೂರೂ ಪಂದ್ಯಗಳಲ್ಲಿ ಸೋಲಿಸಿ ಬ್ಲೆಡಿಸ್ಲೋ ಕಪ್ ಗೆದ್ದಿತು.

1999ರಲ್ಲಿ ಮತ್ತೆ ಭುಜದ ಕಾಟ. ವಿಶ್ವಕಪ್ ವರ್ಷದಲ್ಲೇ ನಾಯಕ ಹಲವು ಪಂದ್ಯಗಳನ್ನು ಹೊರಗೆ ಕುಳಿತು ನೋಡಬೇಕಾಯಿತು. ವಿಶ್ವಕಪ್ ಹೊತ್ತಿಗೆ ಮರಳಿದರು. ಆರು ಪಂದ್ಯಗಳಲ್ಲಿ ಅವರ ತಂಡ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಂದೇ ಒಂದು ‘ಟ್ರೈ’. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದಕ್ಕೆ ಟ್ರೈ ಎನ್ನುತ್ತಾರೆ. ನವೆಂಬರ್ 6ರಂದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ ಫೈನಲ್‌ನಲ್ಲಿ ಫ್ರಾನ್ಸನ್ನು 35-12ರಿಂದ ಸೋಲಿಸಿ, ಎಲಿಜಬೆತ್ ರಾಣಿಯ ಕೈಯಿಂದ ಈಲ್ಸ್ ಕಪ್ ಸ್ವೀಕರಿಸಿದರು. ಅದೇ ದಿನ ಆಸ್ಟ್ರೇಲಿಯಾದಲ್ಲಿ ಆ ರಾಣಿಯೇ ತಮ್ಮ ದೇಶದ ಮುಖ್ಯಸ್ಥೆಯಾಗಿ ಮುಂದುವರಿಯಬೇಕೋ ಬೇಡವೋ ಎಂದು ಜನ ಮತ ಹಾಕಿದ್ದರು ಎಂಬುದು ಚರಿತ್ರೆಯ ಒಂದು ಸ್ವಾರಸ್ಯ. ಜನ ಮುಂದುವರಿಯಲಿ ಎಂದೇ ತೀರ್ಪಿತ್ತರು. 1991 ಮತ್ತು 1999, ಎರಡೂ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದವರು ಆಸ್ಟ್ರೇಲಿಯಾದಲ್ಲಿ ಐವರು ಮಾತ್ರ. ಅವರಲ್ಲಿ ಈಲ್ಸ್ ಒಬ್ಬರು.

ಈಗ ವೆಲ್ಲಿಂಗ್ಟನ್‌ನ ಆ ಒದೆತವನ್ನು ಇನ್ನೊಮ್ಮೆ ನೆನೆಯಿರಿ. ನಾಲ್ಕು ವರ್ಷದ ಹಿಂದೆ ಹೊಸ ನಾಯಕನಾಗಿ ಹೀನಾಯವಾಗಿ ಸೋತ ಊರದು. ಎಂಬತ್ತು ನಿಮಿಷ ತಳ್ಳಿ, ಜಿಗಿದು, ಗುದ್ದಿಸಿಕೊಂಡು ದಣಿದ ಕಾಲು. ಎರಡು ಬಾರಿ ಕೈಕೊಟ್ಟ ಭುಜ. ಕೊನೆಯ ಗಳಿಗೆಯ ಒಂದು ಒದೆತದಿಂದ ವಿಶ್ವಕಪ್ ಕೈತಪ್ಪಿಹೋದ ನೆನಪು. ಇದು ತನ್ನ ಕೆಲಸವಲ್ಲ ಎಂದು ಆ ಹೊಣೆಯನ್ನು ಬೇರೊಬ್ಬರಿಗೆ ದಾಟಿಸಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಒದ್ದು ಗುರಿ ತಪ್ಪಿದ್ದರೆ ಮಾತ್ರ ಊರೆಲ್ಲ ಆಡಿಕೊಳ್ಳುತ್ತಿತ್ತು. ಆದರೂ ಅವರು ಚೆಂಡನ್ನು ಕೈಗೆತ್ತಿಕೊಂಡರು. ಅಭ್ಯಾಸ ಮಾಡಿದವನಿಗಷ್ಟೇ ಬರುವ ಧೈರ್ಯ ಅದು.

ಮರುವರ್ಷ, 2001ರಲ್ಲಿ, ಬ್ರಿಟನ್ ಹಾಗೂ ಐರ್ಲೆಂಡಿನ ಆಯ್ದ ಆಟಗಾರರ ‘ಲಯನ್ಸ್’ ತಂಡ ಆಸ್ಟ್ರೇಲಿಯಾಕ್ಕೆ ಬಂತು. ಮೊದಲ ಟೆಸ್ಟ್‌ನಲ್ಲಿ ಈಲ್ಸ್ ತಂಡ ತವರಿನಲ್ಲೇ 29-13ರಿಂದ ಸೋತಿತು. ಉಳಿದೆರಡನ್ನು ಗೆದ್ದು, ಲಯನ್ಸ್ ವಿರುದ್ಧ ಆಸ್ಟ್ರೇಲಿಯಾ ಮೊಟ್ಟಮೊದಲ ಸರಣಿ ಜಯ ಪಡೆಯಿತು. ಅದೇ ಸೆಪ್ಟೆಂಬರ್ 1ರಂದು ಸಿಡ್ನಿಯಲ್ಲಿ ಈಲ್ಸ್ ಅವರ ಕೊನೆಯ ಟೆಸ್ಟ್. ಎದುರಾಳಿ ಮತ್ತೆ ನ್ಯೂಜಿಲೆಂಡ್. ಆ ದಿನ ಕೊನೆಯ ಗಳಿಗೆಯಲ್ಲಿ ಟ್ರೈ ಗಳಿಸಿ ತಂಡವನ್ನು 29-26ರಿಂದ ಗೆಲ್ಲಿಸಿದವರು ಟೌಟಾಯ್ ಕೆಫು. ನಾಯಕನೇ ಎಲ್ಲವನ್ನೂ ಮಾಡಬೇಕಾದ ಅಗತ್ಯವಿಲ್ಲದ ತಂಡವನ್ನು ಬಿಟ್ಟು ಈಲ್ಸ್ ನಿವೃತ್ತರಾದರು. ಒಟ್ಟು ಟೆಸ್ಟ್‌ಗಳು 86, ನಾಯಕರಾಗಿ 55. 2002ರಿಂದ ಆಸ್ಟ್ರೇಲಿಯಾದ ವರ್ಷದ ಶ್ರೇಷ್ಠ ಆಟಗಾರನಿಗೆ ಜಾನ್ ಈಲ್ಸ್ ಹೆಸರಿನ ಪದಕ ಕೊಡಲಾಗುತ್ತಿದೆ. ಪದಕ ಯಾರಿಗೆಂದು ಮತ ಹಾಕುವವರು ಜತೆಯ ಆಟಗಾರರೇ.

ನಮ್ಮ ಶಾಲೆಗಳಲ್ಲಿ, ಮನೆಗಳಲ್ಲಿ ಮಕ್ಕಳು ದಿನಕ್ಕೆ ಹತ್ತು ಸಲ ಕೇಳುವ ಮಾತೊಂದಿದೆ: ‘ಅದು ಪರೀಕ್ಷೆಗೆ ಬರುವುದಿಲ್ಲ, ಬಿಡು.’ ವಿಜ್ಞಾನದ ಹುಡುಗನಿಗೆ ಕನ್ನಡ ಪ್ರಬಂಧ ಬೇಡ. ವಾಣಿಜ್ಯದ ಹುಡುಗಿಗೆ ನಕ್ಷತ್ರ ಬೇಡ. ಎತ್ತರದವನು ಹಿಂದಿನ ಬೆಂಚಿಗೆ, ಮಾತುಗಾರ ಭಾಷಣಕ್ಕೆ, ಬಾಯಿಲ್ಲದವನು ಕುರ್ಚಿ ಜೋಡಿಸುವುದಕ್ಕೆ. ಹತ್ತು ವರ್ಷ ತುಂಬುವುದರೊಳಗೆ ಪ್ರತಿ ಮಗುವಿಗೂ ಒಂದೊಂದು ಸ್ಥಾನ ಗೊತ್ತಾಗಿಬಿಡುತ್ತದೆ. ಮಗುವೂ ಅದನ್ನೇ ನಂಬಿ ಬೆಳೆಯುತ್ತದೆ. ಇದರಲ್ಲಿ ಹೆತ್ತವರ ಕೆಟ್ಟ ಉದ್ದೇಶವೇನೂ ಇಲ್ಲ. ಸಮಯ ಕಡಿಮೆ, ಸ್ಪರ್ಧೆ ಹೆಚ್ಚು ಎಂಬ ಭಯವಿದೆ.

ಆದರೆ ಬದುಕು ಪ್ರಶ್ನೆಪತ್ರಿಕೆಯ ಮಾದರಿಯನ್ನು ಮೊದಲೇ ಅಚ್ಚು ಹಾಕಿಸಿ ಹಂಚುವುದಿಲ್ಲ. ಒದೆಯಬೇಕಾದವನು ಮೈದಾನ ಬಿಟ್ಟು ಹೋಗಿರುತ್ತಾನೆ, ಸಮಯ ಮುಗಿದಿರುತ್ತದೆ, ಚೆಂಡು ಮಾತ್ರ ಎದುರಿಗಿರುತ್ತದೆ. ಆ ಹೊತ್ತಿನಲ್ಲಿ ‘ಇದು ನನ್ನ ವಿಷಯವಲ್ಲ’ ಎನ್ನುವವರು ಹಲವರು. ‘ಸ್ವಲ್ಪ ಕಲಿತಿದ್ದೇನೆ, ನೋಡೋಣ’ ಎಂದು ಮುಂದೆ ಬರುವವರು ಕೆಲವರು. ಹಾಗೆಂದು ಮಗುವನ್ನು ಇನ್ನೂ ನಾಲ್ಕು ಟ್ಯೂಷನ್ನಿಗೆ ಸೇರಿಸಬೇಕೆಂದು ಇದರ ಅರ್ಥವಲ್ಲ. ಸ್ಕ್ರಮ್‌ನಲ್ಲಿ ತಳ್ಳುವ ತಮ್ಮ ಕೆಲಸವನ್ನು ಈಲ್ಸ್ ಎಂದೂ ಕಡೆಗಣಿಸಲಿಲ್ಲ. ಅದನ್ನು ಮುಗಿಸಿ ಇನ್ನೊಂದನ್ನು ಕಲಿತರು. ಮಗು ಪಾಠ ಮುಗಿಸಿ ತನಗೆ ಸಂಬಂಧಿಸದ ಯಾವುದೋ ಪುಸ್ತಕ ತೆರೆದು ಕುಳಿತರೆ, ಅಂಗಳದಲ್ಲಿ ಒಬ್ಬನೇ ಚೆಂಡು ಒದೆಯುತ್ತಿದ್ದರೆ, ‘ಇದರಿಂದ ಏನು ಉಪಯೋಗ’ ಎಂದು ಕೇಳುವ ಮೊದಲು ಅರೆಗಳಿಗೆ ತಾಳಬಹುದು. ಉಪಯೋಗಕ್ಕೆ ಬರುವ ದಿನ ಯಾವುದೆಂದು ವೆಲ್ಲಿಂಗ್ಟನ್‌ಗೆ ಹೊರಟ ಈಲ್ಸ್ ಅವರಿಗೂ ಗೊತ್ತಿರಲಿಲ್ಲ.