ಆಪ್ತಸಮಾಲೋಚನೆಗೆ ಮನೆಯವರೂ ಬರಲಿ

ಕೆಟ್ಟ ಮಿಕ್ಸಿಯನ್ನು ರಿಪೇರಿ ಅಂಗಡಿಗೆ ಕೊಟ್ಟು ಸಂಜೆ ಬಂದು ಒಯ್ಯುವಂತೆ, ಕೆಲವು ಹೆತ್ತವರು ಮಕ್ಕಳನ್ನು ಮನೋವೈದ್ಯರ ಎದುರು ಕೂರಿಸಿ ಹೊರಗೆ ಕಾಯುತ್ತಾರೆ. "ಓದುವುದೇ ಇಲ್ಲ ಡಾಕ್ಟ್ರೇ, ಸ್ವಲ್ಪ ಬುದ್ಧಿ ಹೇಳಿ" ಎಂಬುದಷ್ಟೇ ಅವರ ಕೋರಿಕೆ. ಇದು ಬದಲಾಗಬೇಕು. ಮಗು ಚಿಕಿತ್ಸೆಗೆ ಹೋಗುವುದಾದರೆ ಮನೆಯವರೂ ಜೊತೆಗೆ ಕೂರಬೇಕು ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳ. ಪಿಯುಸಿ ವಿದ್ಯಾರ್ಥಿಯೊಬ್ಬ ರಾತ್ರಿ ನಿದ್ದೆ ಮಾಡದೆ, ಬೆಳಿಗ್ಗೆ ಕಾಲೇಜಿಗೆ ಹೋಗಲಾರೆ ಎನ್ನುತ್ತಾನೆ ಎಂದುಕೊಳ್ಳಿ. ಅಪ್ಪ ಬೈಯುತ್ತಾರೆ, ಅಮ್ಮ ಅಡ್ಡ ಬರುತ್ತಾರೆ, ಅವರಿಬ್ಬರಿಗೇ ಜಗಳವಾಗುತ್ತದೆ, ಹುಡುಗ ಬಾಗಿಲು ಹಾಕಿಕೊಳ್ಳುತ್ತಾನೆ. ಈ ಸುತ್ತು ಮನೆಯಲ್ಲಿ ದಿನವೂ ನಡೆಯುತ್ತಿದ್ದರೆ, ವಾರಕ್ಕೊಂದು ಗಂಟೆ ಹುಡುಗನೊಬ್ಬನ ಜೊತೆ ಮಾತನಾಡಿ ಎಷ್ಟು ಪ್ರಯೋಜನ? ಕುಟುಂಬ ಚಿಕಿತ್ಸೆಯಲ್ಲಿ ತಪ್ಪು ಯಾರದು ಎಂದು ತೀರ್ಪು ಕೊಡುವುದಿಲ್ಲ. ಈ ಸುತ್ತನ್ನು ಎಲ್ಲಿ ಮುರಿಯಬಹುದು ಎಂದು ಎಲ್ಲರೂ ಸೇರಿ ಹುಡುಕುತ್ತಾರೆ.

ಮೊದಲ ಭೇಟಿ ಹೇಗಿರುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಸಾಮಾನ್ಯವಾಗಿ ಅದು ಪ್ರಶ್ನೆಗಳಲ್ಲೇ ಮುಗಿಯುತ್ತದೆ. ಮನೆಯಲ್ಲಿ ಯಾರ್ಯಾರಿದ್ದಾರೆ, ನಿದ್ದೆ, ಊಟ, ಓದು ಹೇಗಿದೆ, ತೊಂದರೆ ಯಾವಾಗ ಶುರುವಾಯಿತು ಎಂದೆಲ್ಲ ಕೇಳುತ್ತಾರೆ. ಮೊದಲು ಎಲ್ಲರನ್ನೂ ಕೂರಿಸಿ, ನಂತರ ಮಗುವಿನೊಡನೆ ಪ್ರತ್ಯೇಕವಾಗಿ ಮಾತನಾಡುವುದು ರೂಢಿ. ಪುಟ್ಟ ಮಕ್ಕಳಾದರೆ ಆಟಿಕೆ, ಬಣ್ಣದ ಪೆನ್ಸಿಲ್‌ಗಳೇ ಮಾತಿನ ಬದಲು ಬರುತ್ತವೆ. ಮಾತ್ರೆ ಬೇಕೇ ಎಂಬುದನ್ನು ಮನೋವೈದ್ಯರು ನಿರ್ಧರಿಸುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ.

"ನಾನು ಹೇಳಿದ್ದೆಲ್ಲ ಅಪ್ಪನ ಕಿವಿಗೆ ಬೀಳುತ್ತದೆಯೇ?" ಎಂಬುದು ನಮ್ಮ ವಯಸ್ಸಿನವರ ದೊಡ್ಡ ಆತಂಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ 18 ವರ್ಷ ತುಂಬದವರ ಚಿಕಿತ್ಸೆಯಲ್ಲಿ ಪೋಷಕರಿಗೂ ಪಾತ್ರವಿದೆ. ಜೀವಕ್ಕೆ ಅಪಾಯವಿದ್ದಾಗ ಗುಟ್ಟು ಉಳಿಯುವುದಿಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು. ಆದ್ದರಿಂದ ಯಾವುದನ್ನು ಮನೆಯವರಿಗೆ ಹೇಳುತ್ತೀರಿ, ಯಾವುದನ್ನು ಹೇಳುವುದಿಲ್ಲ ಎಂದು ಮೊದಲ ದಿನವೇ ಕೇಳಿಬಿಡಿ.

ಎರಡು ಭೇಟಿಗೆ ಎಲ್ಲವೂ ಸರಿಹೋಗುವುದಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಮಾತು ಹೊರಬಂದಾಗ ಮನೆಯಲ್ಲಿ ಬಿಸಿ ಏರಬಹುದು. ಅದನ್ನೇ ನೆಪಮಾಡಿ ಅರ್ಧಕ್ಕೆ ಬಿಡಬಾರದು. ಚಿಕಿತ್ಸಕರ ರೀತಿ ಹೊಂದದಿದ್ದರೆ ಬೇರೆಯವರನ್ನು ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಅಡ್ಡಿಗಳಿವೆ, ನಿಜ. ಹೆಣ್ಣುಮಗಳಾದರೆ "ನಾಳೆ ಸಂಬಂಧ ಕೂಡಿಬರುವುದು ಹೇಗೆ?" ಎಂಬ ಚಿಂತೆ. ಕೂಲಿ ಮಾಡುವ ಅಪ್ಪನಿಗೆ ಒಂದು ದಿನದ ಸಂಬಳ ಹೋಗುತ್ತದೆ. ಗಲ್ಫ್‌ನಲ್ಲಿರುವ ಅಪ್ಪ ಬರುವುದಾದರೂ ಹೇಗೆ? ಇವರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಬಹುದೇ ಎಂದು ಕೇಳಿ ನೋಡಬಹುದು. ಆದರೆ ಜನ ಏನೆಂದಾರು ಎಂಬ ಭಯಕ್ಕೆ ಮಗುವಿನ ನೋವನ್ನು ಬಲಿಕೊಡುವುದು ನ್ಯಾಯವಲ್ಲ. ಮಗಳಿಗೆ ಜ್ವರ ಬಂದರೆ ನಾವು ನೆರೆಯವರ ಒಪ್ಪಿಗೆ ಕೇಳುತ್ತೇವೆಯೇ?

ಒಂದು ಮಾತು ಮಾತ್ರ ಮರೆಯಬಾರದು. ಮನೆಯಲ್ಲೇ ಹೊಡೆತ, ದೌರ್ಜನ್ಯ ಇದ್ದರೆ ಎಲ್ಲರೆದುರು ಅದನ್ನು ಹೇಳಬೇಕಿಲ್ಲ. ಒಬ್ಬರೇ ಮಾತನಾಡಬೇಕೆಂದು ಕೇಳಿ.

ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. ಇದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಕುಟುಂಬಗಳಿಗೂ ಪ್ರತ್ಯೇಕ ಸೇವೆಗಳಿವೆ. ಅಷ್ಟು ದೂರ ಹೋಗಲಾರದವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು.

ಸ್ನೇಹಿತರೇ, ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡಲು ಬರುವ ಅಪ್ಪ-ಅಮ್ಮನನ್ನು ಇದಕ್ಕೂ ಕರೆಯಿರಿ. ಹೆತ್ತವರೇ, ಕರೆದಾಗ ಬನ್ನಿ.