ವಿದ್ಯೆಯ ಮಿತಿ: ಬಂಕಾಪುರದ ಪುರಾಣವೂ ದಾರಿ ತೋರುವ ಮಂತ್ರವೂ

ಜೈನ ಪುರಾಣಗಳಲ್ಲಿ ಬರುವ ಆಕಾಶಗಾಮಿನಿ, ಅವಲೋಕಿನಿ, ಬಹುರೂಪಿಣಿ ಮೊದಲಾದ ವಿದ್ಯೆಗಳನ್ನು ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ‘ಅತಿಮಾನುಷ ಅಂಶಗಳು’ ಎಂಬ ಉಪಶೀರ್ಷಿಕೆಯಡಿ ಪಟ್ಟಿಮಾಡಿ ಮುಂದೆ ಸಾಗುತ್ತವೆ. ಒಂದು ವಿದ್ಯೆ ಏನನ್ನು ಮಾಡಬಲ್ಲದು ಎಂಬುದು ಅಲ್ಲಿ ದಾಖಲಾಗುತ್ತದೆ. ಏನನ್ನು ಮಾಡಲಾರದು, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಪ್ರಶ್ನೆ ಮಾತ್ರ ಅಪರೂಪ. ವಿಚಿತ್ರವೆನಿಸಿದರೂ, ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳುವವರು ಮೇಜಿನ ಸುತ್ತ ಕುಳಿತು ಪಾತ್ರಧಾರಣೆಯ ಆಟವಾಡುವ ಜನ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆ ಮೂಲಮಾದರಿ. ಅದರಲ್ಲಿ ‘ಫೈಂಡ್ ದ ಪಾತ್’ ಎಂಬ ದಾರಿ ಹುಡುಕುವ ಮಂತ್ರವೊಂದಿದೆ. 2014ರ ಐದನೆಯ ಆವೃತ್ತಿಯ ನಿಯಮದಂತೆ ಗಮ್ಯವು ನಿರ್ದಿಷ್ಟವಾಗಿರಬೇಕು, ಚಲಿಸದೆ ಇರಬೇಕು, ಪ್ರಯೋಕ್ತೃವಿಗೆ ಪರಿಚಿತವಾಗಿರಬೇಕು, ಅದೇ ಲೋಕದಲ್ಲಿರಬೇಕು. ಆ ಸ್ಥಳದ ವಸ್ತುವೊಂದು ಕೈಯಲ್ಲಿರಬೇಕು. ಮಂತ್ರವು ತೋರುವುದು ಅತಿ ಹತ್ತಿರದ ದಾರಿಯನ್ನು. ಅದು ಸುರಕ್ಷಿತವೂ ಆಗಿರಬೇಕೆಂದಿಲ್ಲ. ಇಷ್ಟು ಹೇಳಿದ ಮೇಲೂ ಜಗಳ ಉಳಿದೇ ಇರುತ್ತದೆ. ನಕ್ಷೆಯಲ್ಲಿ ಮಾತ್ರ ಕಂಡ ಊರು ‘ಪರಿಚಿತ’ವೇ? ಬೀಗ ಹಾಕಿದ ಬಾಗಿಲಿನ ಆಚೆಗೂ ದಾರಿಯುಂಟೇ? ತೀರ್ಪು ಆಟದ ನಿರ್ವಾಹಕನದು. ವಾಚ್ಯಾರ್ಥಕ್ಕೆ ಅಂಟಿಕೊಳ್ಳುವುದೋ ತಾತ್ಪರ್ಯವನ್ನು ಹಿಡಿಯುವುದೋ ಎಂಬ ಈ ತೊಡಕು ಮೀಮಾಂಸೆಯನ್ನೂ ಶಬ್ದಶಕ್ತಿಗಳ ಚರ್ಚೆಯನ್ನೂ ತರಗತಿಯಲ್ಲಿ ಪಾಠ ಮಾಡುವ ನಮಗೆ ಹೊಸದಲ್ಲ.

ಇದನ್ನಿಟ್ಟುಕೊಂಡು ಬಂಕಾಪುರದತ್ತ ನೋಡಬಹುದು. ಅಮೋಘವರ್ಷ ನೃಪತುಂಗನ ಸಾಮಂತ ಬಂಕೇಯನ ಹೆಸರಿನ ಈ ಊರಿನಲ್ಲಿ, ಅವನ ಮಗ ಲೋಕಾದಿತ್ಯನು ವನವಾಸಿ ನಾಡನ್ನು ಆಳುತ್ತಿದ್ದಾಗ, ಗುಣಭದ್ರನ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಅವನ ಶಿಷ್ಯ ಲೋಕಸೇನನ ಪ್ರಶಸ್ತಿ ತಿಳಿಸುತ್ತದೆ. ಕಾಲ ಶಕ 820. (ಇಂದು ಕೋಟೆಗೆ ಬರುವವರು ನವಿಲುಗಳನ್ನೂ ನಗರೇಶ್ವರ ಗುಡಿಯ ಕಂಬಗಳನ್ನೂ ನೋಡಿ ಹಿಂದಿರುಗುತ್ತಾರೆ. ಪುರಾಣದ ನೆನಪಿಗೆ ಅಲ್ಲಿ ಅಂಥ ಆಸರೆಯಿಲ್ಲ.) ಈ ಪುರಾಣದ ರಾಮಕಥೆಯಲ್ಲಿ ರಾವಣನು ಸೀತೆಯನ್ನು ಮುಟ್ಟುವುದಿಲ್ಲ. ಪತಿವ್ರತೆಯನ್ನು ಮುಟ್ಟಿದರೆ ಆಕಾಶಗಾಮಿನೀ ವಿದ್ಯೆ ತನ್ನನ್ನು ಬಿಟ್ಟುಹೋಗುತ್ತದೆಂಬ ಭಯ ಅವನಿಗೆ. ಅವನು ರಾಮನ ವೇಷದಲ್ಲಿ ಬಂದು, ಪಲ್ಲಕ್ಕಿಯಾಗಿ ತೋರುವ ಪುಷ್ಪಕವನ್ನು ಆಕೆಯೇ ಏರುವಂತೆ ಮಾಡುತ್ತಾನೆ. ವೇಷದ ತಂತ್ರವನ್ನು ಕೇವಲ ಮೋಸವೆಂದು ಓದಿದರೆ ಅರ್ಧ ಓದಿದಂತೆ. ನಿಷೇಧವಿರುವುದು ಸ್ಪರ್ಶಕ್ಕೆ, ವಾಹನದಲ್ಲಿ ಒಯ್ಯುವುದು ಸ್ಪರ್ಶವಲ್ಲ. ರಾವಣನು ನಿಯಮದ ಅಕ್ಷರವನ್ನು ಪಾಲಿಸಿ ಅದರ ಆಶಯವನ್ನು ಮುರಿಯುವ ಚತುರ ಆಟಗಾರನಂತೆ ವರ್ತಿಸುತ್ತಾನೆ. ವಿದ್ಯೆಯೂ ಅವನನ್ನು ಬಿಡುವುದಿಲ್ಲ.

ರವಿಷೇಣನ ಪದ್ಮಚರಿತದ ಪರಂಪರೆಯಲ್ಲಿ, ಅದನ್ನು ಅನುಸರಿಸಿದ ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ, ಮಿತಿಯ ಸ್ಥಾನವೇ ಬೇರೆ. ಒಲ್ಲದ ಪರಸ್ತ್ರೀಯನ್ನು ಬಯಸಿ ಕೂಡೆನೆಂದು ರಾವಣನು ಕೈಕೊಂಡ ವ್ರತವೇ ಅಲ್ಲಿ ತಡೆ. ವ್ರತದ ಮಾತು ಸ್ಪರ್ಶವನ್ನು ಕುರಿತದ್ದಲ್ಲ. ಆದ್ದರಿಂದ ರವಿಷೇಣನ ರಾವಣನು ಸೀತೆಯನ್ನು ಬಲಾತ್ಕಾರವಾಗಿಯೇ ವಿಮಾನಕ್ಕೆ ಏರಿಸುತ್ತಾನೆ. ಇಲ್ಲಿ ಮಿತಿ ವಿದ್ಯೆಯೊಳಗಿಲ್ಲ, ವ್ಯಕ್ತಿಯೊಳಗಿದೆ. ಗುಣಭದ್ರನ ರಾವಣ ತನ್ನ ಶಕ್ತಿ ಕಳೆದುಹೋದೀತೆಂದು ಹಿಂಜರಿಯುವವನು. ನಾಗಚಂದ್ರನ ರಾವಣ ತನ್ನ ಮಾತು ಕೆಟ್ಟೀತೆಂದು ತಡೆದುಕೊಳ್ಳುವವನು. ಅವನನ್ನು ದುರಂತನಾಯಕನೆಂದು ನಮ್ಮ ವಿಮರ್ಶೆ ಮೆಚ್ಚಿಕೊಂಡಿರುವುದು ಈ ಒಂದು ಸ್ಥಳಾಂತರದ ಬಲದ ಮೇಲೆಯೇ. ಮಿತಿಯನ್ನು ವಿದ್ಯೆಗೆ ಹಿಂದಿರುಗಿಸಿದರೆ ದುರಂತ ಉಳಿಯದು, ಲೆಕ್ಕಾಚಾರ ಉಳಿದೀತು. ಕನ್ನಡದಲ್ಲಿ ಗುಣಭದ್ರನ ದಾರಿ ಹಿಡಿದ ಚಾವುಂಡರಾಯಪುರಾಣದ (978) ರಾವಣನನ್ನೂ ನಾಗಚಂದ್ರನ ರಾವಣನನ್ನೂ ‘ಜೈನ ರಾವಣ’ ಎಂಬ ಒಂದೇ ಹೆಸರಿನಲ್ಲಿ ಪಾಠ ಹೇಳುವುದು ಈ ಕಾರಣಕ್ಕೆ ಸರಿಯಲ್ಲವೆಂದು ನನ್ನ ವಾದ.

ಆಟದ ನಿಯಮ ಆಡುವವರೆಲ್ಲರೂ ಮೊದಲೇ ಒಪ್ಪಿದ ಕರಾರು, ಕಾವ್ಯ ಹಾಗಲ್ಲ, ಕವಿ ಮನಬಂದಂತೆ ಮಿತಿಯನ್ನು ಸಡಿಲಿಸಬಹುದು ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಪುರಾಣವನ್ನು ಕೇಳುವವರಿಗೂ ವಿದ್ಯೆಯ ಕಟ್ಟಳೆ ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಅಶೋಕವನದ ಪ್ರತಿ ಭೇಟಿಯಲ್ಲಿ ಆತಂಕ ಹುಟ್ಟುವುದು ಎಲ್ಲಿಂದ? ಏನು ಬೇಕಾದರೂ ಮಾಡಬಲ್ಲ ವಿದ್ಯೆಯಿಂದ ಕಥೆ ಕಟ್ಟಲಾಗದು ಎಂಬುದು ಪುರಾಣಕಾರರಿಗೂ ಆಟದ ನಿಯಮಕಾರರಿಗೂ ಸಮಾನವಾಗಿ ತಿಳಿದಿತ್ತು.

ದಾರಿ ತೋರುವ ಮಂತ್ರಕ್ಕೆ ಇನ್ನೂ ಹತ್ತಿರವಾದುದು ಅವಲೋಕಿನಿ. ಪದ್ಮಚರಿತದಲ್ಲಿ ರಾವಣನು ಅದರಿಂದಲೇ ರಾಮಲಕ್ಷ್ಮಣರ ಸಿಂಹನಾದದ ಸಂಕೇತವನ್ನು ತಿಳಿದು, ರಾಮನನ್ನು ಸೀತೆಯ ಬಳಿಯಿಂದ ದೂರ ಕಳಿಸುತ್ತಾನೆ. ಹತ್ತಿರದ ದಾರಿ ಸಿಕ್ಕಿತು; ಅದು ಸುರಕ್ಷಿತವೇ ಎಂದು ಅವನು ಕೇಳಲಿಲ್ಲ. ಕೇಳದ್ದನ್ನು ತಾನಾಗಿ ಹೇಳುವ ಅಧಿಕಾರ ಅವಲೋಕಿನಿಗೆ ಇದೆಯೇ ಎಂಬುದನ್ನು ಸಂಸ್ಕೃತ, ಪ್ರಾಕೃತ, ಕನ್ನಡ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವುದು ಪಟ್ಟಿ ಮಾಡುವುದಕ್ಕಿಂತ ಒಳ್ಳೆಯ ಸಂಶೋಧನ ವಿಷಯವಾದೀತು.